ವೀರಗಲ್ಲಿನ ಸುಣ್ಣ ಬಿಡಿಸಿದ್ದು ಹೀಗೆ

ನಮ್ಮೂರ ಕೆರೆ ಏರಿಯ ವೀರಗಲ್ಲಿಗೆ ಹಬ್ಬ ಬಂತೆಂದರೆ ಸುಣ್ಣ ಬಳಿಯೋದು ವಾಡಿಕೆ. ಭಕ್ತಿಯಿಂದಲೇ ಬಳಿದದ್ದು. ಆದರೆ ಪದರದ ಮೇಲೆ ಪದರ ಕೂತು ವೀರನ ಮುಖವೇ ಮುಚ್ಚಿಹೋಗಿತ್ತು. ಹಿರಿಯರನ್ನು ಒಪ್ಪಿಸೋಕೆ ಬೇಗೂರಿನ ಕಲ್ಲಿನ ಕತೆ ಹೇಳಿದೆ. ಸುಮಾರು ಕ್ರಿ.ಶ. 890ರ ಆ ವೀರಗಲ್ಲಿನ ಶಾಸನದಲ್ಲಿ ಬೆಂಗಳೂರಿನ ಹೆಸರಿದೆ. ಅದು ಉಳಿದಿದ್ದಕ್ಕೇ ಅಲ್ವಾ, ಬೆಂಗಳೂರು ಅನ್ನೋ ಹೆಸರು ಅಷ್ಟು ಹಳೆಯದು ಅಂತ ಗೊತ್ತಾಗಿದ್ದು?

ಮೊದಲ ದಿನ ತಂತಿ ಬ್ರಷ್‌ನಿಂದ ಉಜ್ಜಿ ತಪ್ಪು ಮಾಡಿದೆ. ಬಳಪದ ಕಲ್ಲು ತುಂಬಾ ಮೆದು, ಮೂಲೆಯಲ್ಲಿ ಗೀರು ಬಿತ್ತು. ಈಗಲೂ ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ. ಕೆಲವರು ಆಸಿಡ್ ತಂದರು, ಬೇಡವೇ ಬೇಡ ಅಂದೆ.

ಕೊನೆಗೆ ಕೆಲಸಕ್ಕೆ ಬಂದದ್ದು ಬರೀ ನೀರು. ಗೋಣಿಚೀಲ ನೆನೆಸಿ ರಾತ್ರಿಯಿಡೀ ಕಲ್ಲಿಗೆ ಸುತ್ತಿಟ್ಟೆವು. ಬೆಳಿಗ್ಗೆ ಬಿದಿರುಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿದರೆ ಸುಣ್ಣ ಹಪ್ಪಳದ ಚೂರಿನ ಹಾಗೆ ಬಿಟ್ಟುಕೊಂಡಿತು. ಸಂದುಗಳಿಗೆ ಹಲ್ಲುಜ್ಜುವ ಮೆತ್ತನೆ ಬ್ರಷ್. ಹೀಗೆ 9 ದಿನ. ಕೆಳಗೆ ಕಾಳಗ, ಪಕ್ಕದಲ್ಲಿ ಹಸುಗಳು. ತುರು ಕಾಯಲು ಹೋಗಿ ಸತ್ತವನು! ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ತುದಿಯಲ್ಲಿ ಸೂರ್ಯ ಚಂದ್ರ.

ಅಕ್ಷರಗಳು ಹಗಲಲ್ಲಿ ಕಾಣಲೇ ಇಲ್ಲ. ಕತ್ತಲಾದ ಮೇಲೆ ಟಾರ್ಚನ್ನು ಬದಿಯಿಂದ ಓರೆಯಾಗಿ ಹಿಡಿದೆವು. ನೆರಳು ಬಿದ್ದು ಒಂದೊಂದೇ ಸಾಲು ಎದ್ದು ಬಂತು. ಸುಮ್ನೆ ನಿಂತುಬಿಟ್ಟೆವು ಎಲ್ಲರೂ. ಸೀಮೆಸುಣ್ಣ ತುಂಬಿ ಓದೋಕೆ ಹೋಗಬೇಡಿ, ಫೋಟೊ ಸಾಕು.

ವಾಲಿದ್ದ ಕಲ್ಲನ್ನು ಹಗ್ಗ ಕಟ್ಟಿ ನೆಟ್ಟಗೆ ಮಾಡಿ, ಬುಡಕ್ಕೆ ಜಲ್ಲಿ, ಮರಳು ತುಂಬಿದೆವು. ಸಿಮೆಂಟ್ ಹಾಕಲಿಲ್ಲ. ಅದು ತೇವ ಹಿಡಿದಿಟ್ಟು ಕಲ್ಲಿಗೆ ಉಪ್ಪು ಏರಿಸುತ್ತದೆ. ನಿಮ್ಮೂರ ಕಲ್ಲು ಸಂರಕ್ಷಿತ ಸ್ಮಾರಕವಾದರೆ ಮಾತ್ರ ಪುರಾತತ್ವ ಇಲಾಖೆಗೆ ಕೇಳದೆ ಕೈ ಹಾಕಬೇಡಿ.

ಪ್ರತಿ ವರ್ಷ ಸುಣ್ಣ ಬಳಿಯುತ್ತಿದ್ದ ಅಜ್ಜಿ ಈ ಸಲ ಹಬ್ಬಕ್ಕೆ ಬರೀ ಕಣಗಿಲೆ ಹೂವು ಇಟ್ಟರು.