ಒಂಬತ್ತನೇ ತರಗತಿಗೆ ಮಾತಿನ ಹುಟ್ಟನ್ನು ಪಾಠ ಮಾಡುವ ಬಗೆ

ಕಪ್ಪುಹಲಗೆಯ ಮೇಲೆ ವ್ಯಾಖ್ಯೆ ಬರೆದು ಈ ಪಾಠ ಶುರುಮಾಡಬೇಡಿ. ಮೊದಲು ತರಗತಿಯ ಮಾತು ನಿಲ್ಲಿಸಿ. ಇಬ್ಬರನ್ನು ಮುಂದೆ ಕರೆದು ಒಬ್ಬರಿಗೆ ಚೀಟಿ ಕೊಡಿ: ‘ಹುಲಿ’. ಕೈಸನ್ನೆಯಲ್ಲೇ ತಿಳಿಸಬೇಕು. ಪಂಜ ಎತ್ತಿದ ಕೂಡಲೇ ಉತ್ತರ ಬರುತ್ತದೆ. ಎರಡನೆಯ ಚೀಟಿ: ‘ನಿನ್ನೆ ಹುಲಿ ಬರಲಿಲ್ಲ’. ಈಗ ಪರದಾಟ. ನಿನ್ನೆಯನ್ನು ತೋರಿಸಲು ಹುಡುಗ ಬೆನ್ನ ಹಿಂದೆ ಕೈ ಮಾಡಿದರೆ, ಎದುರಿನವಳು ‘ಹಿಂದಿನಿಂದ ಹುಲಿ ಬಂತು’ ಎನ್ನುತ್ತಾಳೆ. ನಗಲಿ, ತಡೆಯಬೇಡಿ.

ಅದೇ ಜೋಡಿಗೆ ಮೂರನೆಯ ಚೀಟಿ ಕೊಡಿ: ‘ನಿನ್ನೆ ಮಳೆ ಬರಲಿಲ್ಲ’. ಸಾಮಾನ್ಯವಾಗಿ ಈ ಸಲ ಬೇಗ ಗೊತ್ತಾಗುತ್ತದೆ, ಏಕೆಂದರೆ ‘ನಿನ್ನೆ’ಗೆ ಯಾವ ಸನ್ನೆ ಎಂಬುದು ಇಬ್ಬರಲ್ಲೂ ಒಪ್ಪಂದವಾಗಿರುತ್ತದೆ. ಪಾಠದ ತಿರುಳು ಇದೇ. ಇಲ್ಲಿ ಅವಸರ ಬೇಡ.

ಕೈಸನ್ನೆ ಎಂದರೆ ಅರೆಬರೆ ಮಾತು ಎಂದು ಮಕ್ಕಳು ತೀರ್ಮಾನಿಸುವ ಮುನ್ನ ಮಧ್ಯ ಅಮೆರಿಕದ ನಿಕರಾಗುವಾ ದೇಶದ ಕಥೆ ಹೇಳಿ. 1977ರಲ್ಲಿ ರಾಜಧಾನಿ ಮನಾಗುವಾದಲ್ಲಿ ಒಂದು ವಿಶೇಷ ಶಾಲೆ ತೆರೆಯಿತು. ಕಿವಿ ಕೇಳದ ಮಕ್ಕಳಿಗೆ ಶಿಕ್ಷಕರು ತುಟಿಚಲನೆ ನೋಡಿ ಸ್ಪ್ಯಾನಿಷ್ ಅರಿಯುವುದನ್ನು ಕಲಿಸಲು ಹೆಣಗಿದರು. ಮಕ್ಕಳಾದರೋ ಆಟದ ಬಯಲಲ್ಲಿ, ಶಾಲಾ ಬಸ್ಸಿನಲ್ಲಿ ತಮ್ಮ ಮನೆಯ ಸನ್ನೆಗಳನ್ನು ಕೂಡಿಸಿ ಹೊಸದೊಂದನ್ನು ಕಟ್ಟಿಕೊಂಡರು. ಆಮೇಲೆ ಸೇರಿದ ಚಿಕ್ಕವರು ಅದಕ್ಕೆ ವ್ಯಾಕರಣವನ್ನು ಬೆಳೆಸಿದರು. ಅದು ಈಗ ಪೂರ್ಣ ಪ್ರಮಾಣದ ಸಂಜ್ಞಾ ಭಾಷೆ. ಮೇಷ್ಟರು ಕಲಿಸದೆ ಹುಟ್ಟಿದ ಭಾಷೆ ಎಂದರೆ ಹಿಂದಿನ ಬೆಂಚೂ ಕಿವಿ ನಿಮಿರಿಸುತ್ತದೆ.

ಪ್ರಾಣಿಗಳ ವಿಷಯಕ್ಕೆ ಗಿಳಿ ಬೇಡ, ಕೀನ್ಯಾದ ವರ್ವೆಟ್ ಕೋತಿ ಸಾಕು. ಚಿರತೆಗೆ ಒಂದು ಕೂಗು, ಹದ್ದಿಗೆ ಇನ್ನೊಂದು, ಹಾವಿಗೆ ಮತ್ತೊಂದು. ಕೂಗಿಗೆ ತಕ್ಕಂತೆ ಮರ ಹತ್ತುತ್ತವೆ, ಮೇಲೆ ನೋಡುತ್ತವೆ, ನಿಂತು ನೆಲ ನೋಡುತ್ತವೆ. ಎರಡನೆಯ ಚೀಟಿಯನ್ನು ಮತ್ತೆ ತೋರಿಸಿ: ‘ನಿನ್ನೆ’ಯ ಚಿರತೆಗೆ ಅವುಗಳಲ್ಲಿ ಕೂಗಿಲ್ಲ.

‘ಸರ್, ಮೊದಲ ಭಾಷೆ ಯಾವುದು?’ ಎಂಬ ಪ್ರಶ್ನೆ ಬಂದೇ ಬರುತ್ತದೆ, ಸಂಸ್ಕೃತವೋ ತಮಿಳೋ ಎಂಬ ಜಗಳವೂ ಜೊತೆಗೆ. ಐದನೆಯ ಶತಮಾನದ ಹಲ್ಮಿಡಿ ಶಾಸನ ಹೇಳುವುದು ಕಲ್ಲಿನ ವಯಸ್ಸನ್ನು, ಕನ್ನಡದ ವಯಸ್ಸನ್ನಲ್ಲ ಎನ್ನಿ. ಜಗತ್ತಿನಲ್ಲಿ ಬರವಣಿಗೆಗೆ ಐದು ಸಾವಿರ ವರ್ಷಗಳ ಆಸುಪಾಸು. ನಮ್ಮ ಪ್ರಭೇದದ ಮನುಷ್ಯರಿಗೆ (ಹೋಮೋ ಸೇಪಿಯನ್ಸ್) ಸುಮಾರು ಮೂರು ಲಕ್ಷ. ನಡುವೆ ಆಡಿದ ಮಾತು ಪಳೆಯುಳಿಕೆಯಾಗಿ ಉಳಿದಿಲ್ಲ. ಇಸ್ರೇಲಿನ ಕೆಬಾರಾ ಗುಹೆಯಲ್ಲಿ ಸಿಕ್ಕ ನಿಯಾಂಡರ್ತಾಲನ (ಅಳಿದುಹೋದ ಒಂದು ಮಾನವ ಬಗೆ) ನಾಲಿಗೆಮೂಳೆ, ಅಂದರೆ ನಾಲಿಗೆಯ ಬುಡಕ್ಕೆ ಆಸರೆಯಾದ ಮೂಳೆ, ನಮ್ಮದನ್ನೇ ಹೋಲುತ್ತದೆ, ಆದರೆ ಅವನು ಏನು ಆಡಿದ ಎಂಬುದನ್ನು ಮೂಳೆ ಹೇಳುವುದಿಲ್ಲ. ಊಹೆಗಳ ಕಾಟ ಹೆಚ್ಚಾಗಿ 1866ರಲ್ಲಿ ಪ್ಯಾರಿಸ್ಸಿನ ಭಾಷಾಶಾಸ್ತ್ರ ಸಂಘ ಈ ವಿಷಯದ ಪ್ರಬಂಧಗಳನ್ನೇ ನಿಷೇಧಿಸಿತ್ತು ಎಂದೂ ಸೇರಿಸಿ, ಜಗಳ ತಣ್ಣಗಾಗುತ್ತದೆ.

ಮನೆಗೆಲಸ: ಮಾತು ಬಾರದ ಮಗುವೊಂದು ಬೆರಳು ತೋರಿಸುವುದನ್ನು ಸಂಜೆ ಗಮನಿಸಿ, ಯಾವುದು ಬೇಕೆಂದು ತೋರಿಸಿತು, ಯಾವುದನ್ನು ಸುಮ್ಮನೆ ನೋಡಲೆಂದು ತೋರಿಸಿತು, ಎರಡನ್ನೂ ಬೇರೆ ಬೇರೆ ಬರೆದುಕೊಂಡು ಬರಲಿ.