ಚೀನಾ ಮೇಲೆ ಟ್ಯಾರಿಫ್, ಚೀನಾ ಜೊತೆ ಡೀಲ್ ಅಂತ ಸುದ್ದಿ ಬಂದ್ರೆ ತೂಕ ಹಾಕಿ ನೋಡೋದು ಹೇಗೆ

ಒಂದಿನ "ಚೀನಾ ಕೊನೆಗೂ ಬಗ್ತು" ಅಂತ ಹೆಡ್‌ಲೈನ್ ಬರುತ್ತೆ, ಮೂರ್ನಾಲ್ಕು ತಿಂಗಳಾದ್ಮೇಲೆ "ಚೀನಾ ಮಾತು ತಪ್ತು" ಅಂತ ಇನ್ನೊಂದು ಬರುತ್ತೆ. 2018ರಿಂದ ಇದೇ ಕಥೆ. ನಾನೂ ಮೊದಮೊದಲು ಪ್ರತಿ ಸಲ, ಈ ಸಲ ಏನೋ ಆಗೇ ಆಗುತ್ತೆ ಬಿಡು ಅಂತ ಕೂತ್ಕೊಂಡು ಓದ್ತಿದ್ದೆ, ಈಗ ಹಾಗಿಲ್ಲ, ಸುದ್ದಿ ಬಂದ ತಕ್ಷಣ ಕೆಲವು ಪ್ರಶ್ನೆ ಹಾಕಿ ನೋಡ್ತೀನಿ, ಕಾಳೆಷ್ಟು ಜೊಳ್ಳೆಷ್ಟು ಅಂತ ಅಲ್ಲೇ ಗೊತ್ತಾಗ್ಬಿಡುತ್ತೆ. ಆ ಪ್ರಶ್ನೆಗಳನ್ನೇ ಇಲ್ಲಿ ಬರ್ದಿದೀನಿ. ಎಕನಾಮಿಕ್ಸ್ ಓದಿರ್ಬೇಕು ಅಂತೇನಿಲ್ಲ.

ಮೊದಲು ಗಂಟು ಬಿಚ್ಚಿ

"ಚೀನಾದ ಟ್ರೇಡ್ ಪ್ರಾಕ್ಟೀಸ್" ಅಂತ ಎಲ್ಲಾನೂ ಒಂದೇ ಗಂಟು ಕಟ್ಟಿಬಿಡ್ತಾರೆ, ಅರ್ಧ ಗೊಂದಲ ಶುರುವಾಗೋದೇ ಅಲ್ಲಿ. ಬಿಚ್ಚಿದ್ರೆ ಒಳಗೆ ಬೇರೆ ಬೇರೆ ಸಾಮಾನಿದೆ. ಒಂದು, ಗಡಿಯಲ್ಲಿ ಕಣ್ಣಿಗೆ ಕಾಣೋ ರೂಲ್ಸು: ಸುಂಕ (ಟ್ಯಾರಿಫ್ ಅಂದ್ರೆ ಇದೇ), ಕೋಟಾ, ಲೈಸೆನ್ಸು, ವಿದೇಶಿ ಕಂಪನಿ ಎಷ್ಟು ಪರ್ಸೆಂಟ್ ಷೇರು ಇಟ್ಕೋಬಹುದು ಅನ್ನೋದು. ಇನ್ನೊಂದು ಖರೀದಿ, ಅಂದ್ರೆ ಇಷ್ಟು ಸೋಯಾಬೀನ್ ಇಷ್ಟು ವಿಮಾನ ತಗೋತೀವಿ ಅನ್ನೋದು. ಮೂರನೇದು ಟೆಕ್ನಾಲಜಿ, ನಮ್ಮಲ್ಲಿ ಬಿಸಿನೆಸ್ ಮಾಡ್ಬೇಕಾ ಹಾಗಾದ್ರೆ ಲೋಕಲ್ ಪಾರ್ಟ್ನರ್‌ಗೆ ನಿಮ್ಮ ತಂತ್ರಜ್ಞಾನ ಕೊಡಿ ಅನ್ನೋ ಒತ್ತಡ. ಕೊನೇದು ಎಲ್ಲಕ್ಕಿಂತ ಆಳದಲ್ಲಿರೋದು, ಸರ್ಕಾರಿ ಬ್ಯಾಂಕುಗಳ ಅಗ್ಗದ ಸಾಲ, ಪ್ರಾಂತ್ಯ ಸರ್ಕಾರಗಳು ಪೈಪೋಟಿ ಮೇಲೆ ಕೊಡೋ ಸಬ್ಸಿಡಿ, ಸರ್ಕಾರಿ ಕಂಪನಿಗಳು, ಹೈಟೆಕ್ ಉದ್ಯಮಗಳನ್ನ ದೇಶದೊಳಗೇ ಬೆಳೆಸೋಕೆ 2015ರಲ್ಲಿ ಬಂದ 'ಮೇಡ್ ಇನ್ ಚೀನಾ 2025' ಥರದ ಪ್ಲಾನುಗಳು.

ಈಗ ಮೊದಲನೇ ಪ್ರಶ್ನೆ. ಜಗಳ ಶುರುವಾಗಿದ್ದು ಯಾವುದಕ್ಕೆ, ಡೀಲ್ ಆಗಿದ್ದು ಯಾವುದಕ್ಕೆ? 2018ರ ಮಾರ್ಚ್‌ನಲ್ಲಿ ಅಮೆರಿಕದ ಟ್ರೇಡ್ ಆಫೀಸು, ಆಗ ರಾಬರ್ಟ್ ಲೈಟ್‌ಹೈಜರ್ ಅದರ ಮುಖ್ಯಸ್ಥರಾಗಿದ್ರು, 1974ರ ಟ್ರೇಡ್ ಆಕ್ಟ್‌ನ ಸೆಕ್ಷನ್ 301ರ (ಬೇರೆ ದೇಶದ ಅನ್ಯಾಯದ ವ್ಯಾಪಾರ ಪದ್ಧತಿ ಮೇಲೆ ಕ್ರಮ ತಗೊಳ್ಳೋ ಕಾನೂನು) ಕೆಳಗೆ ಕೊಟ್ಟ ರಿಪೋರ್ಟಲ್ಲಿ ದೂರಿದ್ದಿದ್ದು ಮೂರನೇದು ಮತ್ತೆ ನಾಲ್ಕನೇದರ ಮೇಲೆ. 2020ರ ಜನವರಿ 15ಕ್ಕೆ ಟ್ರಂಪ್ ಮತ್ತೆ ಚೀನಾದ ಉಪಪ್ರಧಾನಿ ಲಿಯು ಹೇ ಸಹಿ ಹಾಕಿದ 'ಫೇಸ್ ಒನ್' ಒಪ್ಪಂದದಲ್ಲಿ ಎಲ್ಲರ ಬಾಯಲ್ಲಿ ಓಡಾಡಿದ್ದು ಎರಡನೇದು, ಖರೀದಿ. ಟೆಕ್ನಾಲಜಿ, ಪೇಟೆಂಟ್, ಬ್ಯಾಂಕಿಂಗ್ ಬಗ್ಗೆ ಅಧ್ಯಾಯಗಳಿದ್ವು ನಿಜ, ಆದ್ರೆ ಸಬ್ಸಿಡಿ ಮತ್ತೆ ಸರ್ಕಾರಿ ಕಂಪನಿಗಳನ್ನ 'ಫೇಸ್ ಟೂ'ಗೆ ಅಂತ ಪಕ್ಕಕ್ಕಿಟ್ರು, ಆ ಫೇಸ್ ಟೂ ಬರ್ಲೇ ಇಲ್ಲ.

ಖರೀದಿ ಅಂಕಿ ನೋಡಿ ಕಣ್ಣರಳಿಸ್ಬೇಡಿ

ಬಿಲಿಯನ್ ಲೆಕ್ಕದಲ್ಲಿ "ತಗೋತೀವಿ" ಅಂತ ಯಾರಾದ್ರೂ ಅಂದ್ರೆ ನನಗೆ ಮೊದಲು ಬರೋದೇ ಅನುಮಾನ. ಫೇಸ್ ಒನ್‌ನಲ್ಲಿ ಚೀನಾ ಒಪ್ಪಿದ್ದು ಏನಂದ್ರೆ, 2017ರಲ್ಲಿ ಎಷ್ಟು ಕೊಂಡಿತ್ತೋ ಅದರ ಮೇಲೆ ಇನ್ನೂ 200 ಬಿಲಿಯನ್ ಡಾಲರ್ ಮಾಲು ಮತ್ತೆ ಸೇವೆ 2020 ಮತ್ತೆ 2021ರಲ್ಲಿ ತಗೋತೀವಿ ಅಂತ. ಎರಡು ವರ್ಷ ಮುಗಿದ್ಮೇಲೆ ವಾಷಿಂಗ್ಟನ್‌ನ ಪೀಟರ್ಸನ್ ಇನ್‌ಸ್ಟಿಟ್ಯೂಟ್ ಅನ್ನೋ ಅರ್ಥಶಾಸ್ತ್ರ ಅಧ್ಯಯನ ಸಂಸ್ಥೆಯವರು ಕೂತು ಲೆಕ್ಕ ಹಾಕಿದ್ರೆ, ಒಟ್ಟು ಮಾತು ಕೊಟ್ಟಿದ್ದರಲ್ಲಿ ಶೇಕಡ 58ರ ಆಸುಪಾಸು ಬಂದಿತ್ತು, ಮೇಲಿನ 200 ಬಿಲಿಯನ್‌ನಲ್ಲಿ ಒಂದು ಡಾಲರೂ ಬಂದಿರ್ಲಿಲ್ಲ. ಕೋವಿಡ್ ಇತ್ತು, ಬೋಯಿಂಗ್ 737 ಮ್ಯಾಕ್ಸ್ ವಿಮಾನ ಹಾರಾಟ ನಿಂತು ನೆಲ ಹಿಡಿದಿತ್ತು, ಹೌದು, ಅದನ್ನೂ ಹೇಳ್ಬೇಕು.

ಆದ್ರೆ ನನ್ನ ತಕರಾರು ಬೇರೆ. ಪೂರ್ತಿ ಕೊಂಡಿದ್ರೂ ಚೀನಾದ ಪದ್ಧತಿ ಏನೂ ಬದಲಾಗ್ತಿರ್ಲಿಲ್ಲ, ಯಾಕಂದ್ರೆ ಯಾವ ಕಂಪನಿ ಎಲ್ಲಿಂದ ಏನು ಕೊಳ್ಬೇಕು ಅಂತ ಸರ್ಕಾರ ಹೇಳಿ ಕೊಳ್ಳಿಸೋದು ಅನ್ನೋದೇ ಮೂಲ ದೂರು, ಅದೇ ಸರ್ಕಾರಕ್ಕೆ ನೀನು ಹೇಳಿ ಕೊಳ್ಳಿಸು ಅಂತ ಒಪ್ಪಂದ ಬರ್ಕೊಂಡ್ರೆ ಹೇಗೆ? ಹಾಗಾಗಿ ಡೀಲ್ ಸುದ್ದಿ ಓದೋವಾಗ ಖರೀದಿ ಅಂಕಿನ ಪೆನ್ನಲ್ಲಿ ಹೊಡೆದಾಕಿ, ಉಳಿದಿದ್ದು ಎಷ್ಟು ಸಾಲು ಅಂತ ನೋಡಿ.

ಇದು ಒಳಗಿನವರಿಗೂ ಬೇಕಿತ್ತಾ?

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು, ಇದಕ್ಕೆ ಉತ್ತರ ಸಿಕ್ರೆ ಬೇರೆದು ಬಿಟ್ರೂ ನಡೆಯುತ್ತೆ. ಹೊರಗಿನ ಒತ್ತಡ ಕೆಲಸ ಮಾಡಿರೋ ಕಡೆ ಎಲ್ಲಾ ನೋಡಿ, ಬೀಜಿಂಗ್‌ನಲ್ಲೇ ಯಾರೋ ಪವರ್ ಇರೋರಿಗೆ ಆ ಬದಲಾವಣೆ ಮೊದಲೇ ಬೇಕಾಗಿರುತ್ತೆ.

2001ರ ಡಿಸೆಂಬರ್ 11ಕ್ಕೆ ಚೀನಾ ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಸೇರ್ತು, ಸುಂಕ ಇಳಿಸ್ತು, ಎಷ್ಟೋ ಕಾನೂನು ತಿದ್ದಿತು. ಅಮೆರಿಕ ಹೆದರ್ಸಿದ್ದಕ್ಕೆ ಮಾತ್ರ ಅಲ್ಲ, ಆಗಿನ ಪ್ರಧಾನಿ ಝೂ ರೋಂಗ್‌ಜಿಗೆ ನಷ್ಟದಲ್ಲಿದ್ದ ಸರ್ಕಾರಿ ಕಾರ್ಖಾನೆಗಳನ್ನ ಹದಕ್ಕೆ ತರೋಕೆ ಹೊರಗಿನ ಒಂದು ನೆಪ ಬೇಕಿತ್ತು. ಹಾಗೇನೇ ಕರೆನ್ಸಿ. ಯುವಾನ್ ಅಗ್ಗ ಇದ್ರೆ ಚೀನಾದ ಮಾಲೂ ಹೊರಗೆ ಅಗ್ಗ, ಅದಕ್ಕೇ ಅಮೆರಿಕಕ್ಕೆ ಸಿಟ್ಟು; ಡಾಲರ್‌ಗೆ 8.28 ಯುವಾನ್ ಅಂತ ವರ್ಷಾನುಗಟ್ಲೆ ಕಟ್ಟಿ ಹಾಕಿದ್ರು, 2005ರಲ್ಲಿ ಅಮೆರಿಕ ಸೆನೆಟ್‌ನಲ್ಲಿ ಶೂಮರ್ ಮತ್ತೆ ಗ್ರಹಾಂ ಇಬ್ರೂ ಸೇರಿ ಚೀನಾ ಮಾಲಿನ ಮೇಲೆ 27.5 ಪರ್ಸೆಂಟ್ ಸುಂಕದ ಬಿಲ್ ಹಿಡ್ಕೊಂಡು ಕೂತ್ರು, ಅದೇ ವರ್ಷ ಜುಲೈ 21ಕ್ಕೆ ಯುವಾನ್ ಬೆಲೆ 2.1 ಪರ್ಸೆಂಟ್ ಏರಿಸಿ ನಿಧಾನಕ್ಕೆ ಬಿಡೋಕೆ ಶುರು ಮಾಡಿದ್ರು. ಬಿಲ್ ಪಾಸ್ ಆಗ್ಲೇ ಇಲ್ಲ. ಬೆದರಿಕೆ ಕೆಲಸ ಮಾಡ್ತಾ ಅಂದ್ರೆ ಮಾಡ್ತು, ಆದ್ರೆ ಕರೆನ್ಸಿ ಹಿಡಿದಿಡೋದು ಕಷ್ಟ ಆಗ್ತಿದೆ ಅಂತ ಚೀನಾದೊಳಗೂ ಹೇಳೋರು ಇದ್ರು.

2018ರಲ್ಲಿ ಎಲೆಕ್ಟ್ರಿಕ್ ಕಾರಿನ ಮೇಲಿದ್ದ ವಿದೇಶಿ ಷೇರು ಮಿತಿ ತೆಗೆದ್ರು, ಟೆಸ್ಲಾ ಶಾಂಘೈನಲ್ಲಿ ಪಾರ್ಟ್ನರೇ ಇಲ್ದೆ ಪೂರ್ತಿ ಸ್ವಂತ ಫ್ಯಾಕ್ಟರಿ ಕಟ್ಟಿ 2019ರ ಕೊನೆಗೆ ಕಾರು ಹೊರಗೆ ಬಿಡ್ತು. ಅಮೆರಿಕದ ಗೆಲುವು ಅಂತ ಕೆಲವರಂದ್ರು. ಆದ್ರೆ ಲೋಕಲ್ ಇವಿ ಕಂಪನಿಗಳಿಗೆ ಗಟ್ಟಿ ಪೈಪೋಟಿ, ಬಿಡಿಭಾಗ ಮಾಡೋರಿಗೆ ದೊಡ್ಡ ಗಿರಾಕಿ ಸಿಕ್ಕಿದ್ದು ಚೀನಾಗೆ. ಈಗ ಹೇಳಿ, ಯಾರ ಗೆಲುವು?

ಇನ್ನು ಒಳಗಿನ ಯಾರಿಗೂ ಬೇಡದ ಬದಲಾವಣೆ ಕೇಳಿದ್ರೆ ಏನಾಗುತ್ತೆ ಅನ್ನೋದಕ್ಕೆ 'ಮೇಡ್ ಇನ್ ಚೀನಾ 2025' ನೋಡಿ. 2018ರ ಗಲಾಟೆ ಆದ್ಮೇಲೆ ಸರ್ಕಾರಿ ಭಾಷಣಗಳಲ್ಲಿ ಆ ಹೆಸರೇ ಕಮ್ಮಿ ಆಯ್ತು. ಹೆಸರು ಮಾತ್ರ. ಬ್ಯಾಟರಿ, ಸೋಲಾರ್, ಚಿಪ್, ಇವಿಗೆ ಸುರಿಯೋ ದುಡ್ಡು ನಿಲ್ಲಲಿಲ್ಲ.

ನೋಡಿ ಲೆಕ್ಕ ಹಾಕೋ ಥರದ ಬೇಡಿಕೆನಾ?

ಬೇಡಿಕೆ ಚಿಕ್ಕದಾಗಿ, ಒಂದೇ ರೂಲ್ ಬಗ್ಗೆ ಇದ್ರೆ ಚೀನಾ ಕೇಳಿರೋದುಂಟು. ರೇರ್ ಅರ್ಥ್ ಖನಿಜಗಳ (ಮ್ಯಾಗ್ನೆಟ್, ಎಲೆಕ್ಟ್ರಾನಿಕ್ಸ್‌ಗೆ ಬೇಕಾಗೋ ಅಪರೂಪದ ಲೋಹಗಳು) ರಫ್ತಿಗೆ ಕೋಟಾ ಹಾಕಿತ್ತು, 2012ರಲ್ಲಿ ಅಮೆರಿಕ, ಯುರೋಪ್, ಜಪಾನ್ ಮೂವರೂ ಡಬ್ಲ್ಯುಟಿಒಗೆ ಹೋದ್ರು, 2014ರಲ್ಲಿ ಗೆದ್ರು, 2015ರಲ್ಲಿ ಕೋಟಾ ಹೋಯ್ತು. ಕೋಟಾ ಇದೆಯಾ ಇಲ್ವಾ ಅಂತ ಯಾರು ಬೇಕಾದ್ರೂ ನೋಡಬಹುದು, ಮುಚ್ಚಿಡೋಕಾಗಲ್ಲ.

ಟೆಕ್ನಾಲಜಿ ಒತ್ತಡ ಹಾಗಲ್ಲ. 2019ರ ಮಾರ್ಚ್‌ನಲ್ಲಿ ಹೊಸ ವಿದೇಶಿ ಹೂಡಿಕೆ ಕಾನೂನು ತಂದ್ರು, ಅಧಿಕಾರ ಬಳಸಿ ತಂತ್ರಜ್ಞಾನ ಕಿತ್ಕೊಳ್ಳೋ ಹಾಗಿಲ್ಲ ಅಂತ ಅದರಲ್ಲಿ ಬರೆದೇ ಇದೆ, 2020ರ ಜನವರಿ 1ರಿಂದ ಜಾರಿ. ಆದ್ರೆ 301 ರಿಪೋರ್ಟೇ ಹೇಳೋ ಪ್ರಕಾರ ಈ ಒತ್ತಡ ಬಹುಪಾಲು ಬಾಯಿಮಾತಲ್ಲಿ ಬರುತ್ತೆ, ಕಾಗದದಲ್ಲಿ ಅಲ್ಲ. ಬಾಯಿಮಾತನ್ನ ಕಾನೂನಿನಲ್ಲಿ ನಿಷೇಧಿಸಿದ್ರೆ ನಿಂತಿದೆಯಾ ಇಲ್ವಾ ಅಂತ ಯಾರು ಹೋಗಿ ನೋಡೋದು? ಟೈಮೂ ನೋಡ್ಬೇಕು. ವಿದೇಶಿ ಬ್ಯಾಂಕ್ ಕಾರ್ಡ್ ಕಂಪನಿಗಳನ್ನ ಚೀನಾ ಒಳಗೆ ಬಿಡ್ತಿಲ್ಲ ಅಂತ ಅಮೆರಿಕ ಹಾಕಿದ ಕೇಸಲ್ಲಿ ಡಬ್ಲ್ಯುಟಿಒ ತೀರ್ಪು ಬಂದಿದ್ದು 2012ರಲ್ಲಿ, ಅಮೆರಿಕನ್ ಎಕ್ಸ್‌ಪ್ರೆಸ್‌ಗೆ ಲೈಸೆನ್ಸ್ ಸಿಕ್ಕಿದ್ದು 2020ರಲ್ಲಿ, ಅಷ್ಟೊತ್ತಿಗೆ ಚೀನಾದವರು ಕಾರ್ಡ್ ಬಿಟ್ಟು ಮೊಬೈಲಲ್ಲಿ ದುಡ್ಡು ಕಟ್ಟೋಕೆ ಶುರು ಮಾಡಿ ಎಷ್ಟೋ ವರ್ಷ ಆಗಿತ್ತು.

ಅಂದ ಹಾಗೆ 2019ರ ಡಿಸೆಂಬರ್‌ನಿಂದ ಡಬ್ಲ್ಯುಟಿಒದ ಮೇಲ್ಮನವಿ ಪೀಠವೇ ನಿಂತೋಗಿದೆ, ಅದಕ್ಕೆ ಜಡ್ಜ್ ನೇಮಕ ಆಗದ ಹಾಗೆ ತಡೆದಿದ್ದು ಅಮೆರಿಕನೇ.

ಸುಂಕ ಹಾಕಿದ ಮಾಲು ಯಾವ ದಾರೀಲಿ ಹೋಗ್ತಿದೆ?

ಟ್ಯಾರಿಫ್‌ನ ದುಡ್ಡು ಚೀನಾ ಕಟ್ಟಲ್ಲ, ಅಮೆರಿಕದಲ್ಲಿ ಮಾಲು ತರಿಸ್ಕೊಳ್ಳೋ ಕಂಪನಿ ಅಲ್ಲಿನ ಕಸ್ಟಮ್ಸ್‌ಗೆ ಕಟ್ಟುತ್ತೆ, ಇದನ್ನ ಸಾವಿರ ಸಲ ಹೇಳಿದ್ರೂ ಕಮ್ಮಿನೇ. ಚೀನಾಗೆ ಪೆಟ್ಟು ಬೀಳೋದು ಆರ್ಡರ್ ಕಮ್ಮಿ ಆದಾಗ, ಅದು ನಿಜವಾಗ್ಲೂ ಕಮ್ಮಿ ಆಯ್ತಾ ಅನ್ನೋದೇ ಪ್ರಶ್ನೆ. ಬರೀ ಎರಡು ದೇಶದ ಲೆಕ್ಕ ನೋಡಿದ್ರೆ ಟ್ಯಾರಿಫ್ ಗೆದ್ದಂಗೆ ಕಾಣುತ್ತೆ, ಚೀನಾ ಜೊತೆ ಅಮೆರಿಕದ ಸರಕು ವ್ಯಾಪಾರದ ಕೊರತೆ (ಮಾರಿದ್ದಕ್ಕಿಂತ ಕೊಂಡಿದ್ದು ಎಷ್ಟು ಜಾಸ್ತಿ ಅನ್ನೋದು) 2018ರಲ್ಲಿ 418 ಬಿಲಿಯನ್ ಡಾಲರ್ ಆಸುಪಾಸು ಇದ್ದಿದ್ದು 2024ರಲ್ಲಿ 295ಕ್ಕೆ ಇಳೀತು. ಪಕ್ಕದ ಪುಟ ತೆಗೀರಿ, ಅದೇ 2024ರಲ್ಲಿ ವಿಯೆಟ್ನಾಂ ಜೊತೆ 123 ಬಿಲಿಯನ್, ಮೆಕ್ಸಿಕೋ ಜೊತೆ 171 ಬಿಲಿಯನ್, ಎರಡೂ ಮೊದಲಿಗಿಂತ ಎಷ್ಟೋ ಜಾಸ್ತಿ. ಚೀನಾದ ಬಿಡಿಭಾಗ ಅಲ್ಲಿಗೆ ಹೋಗಿ ಜೋಡಣೆ ಆಗಿ ಬರುತ್ತೆ, ನೀನು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರ್ತೀನಿ ಅನ್ನೋ ಲೆಕ್ಕ. 2024ರಲ್ಲಿ ಇಡೀ ಪ್ರಪಂಚದ ಜೊತೆ ಚೀನಾದ ಸರಕು ವ್ಯಾಪಾರದ ಮಿಗತೆ 990 ಬಿಲಿಯನ್ ದಾಟಿತ್ತು. ಬರೀ ಅಮೆರಿಕದ ಬಾಗ್ಲು ನೋಡ್ತಾ ಕೂತ್ರೆ ಇದು ಕಾಣಲ್ಲ.

ಟೈರ್ ಕಥೆ ನನಗೆ ಇನ್ನೂ ಇಷ್ಟ. 2009ರಲ್ಲಿ ಒಬಾಮಾ ಚೀನಾದ ಟೈರ್ ಮೇಲೆ 35 ಪರ್ಸೆಂಟ್ ಹೆಚ್ಚುವರಿ ಸುಂಕ ಹಾಕಿದ್ರು, ಬೇರೆ ದೇಶದವರು ಬಂದು ಆ ಜಾಗ ತುಂಬಿದ್ರು, ಚೀನಾ ತಿರುಗಿಸಿ ಅಮೆರಿಕದ ಕೋಳಿ ಮಾಂಸದ ಮೇಲೆ ಹಾಕ್ತು, ಎಲ್ಲಿಯ ಟೈರು ಎಲ್ಲಿಯ ಕೋಳಿ ಕಾಲು. ಪೀಟರ್ಸನ್‌ನವರ ಲೆಕ್ಕದಲ್ಲಿ ಉಳಿದಿದ್ದು ಹೆಚ್ಚಂದ್ರೆ 1,200 ಕೆಲಸ, ಒಂದೊಂದು ಕೆಲಸಕ್ಕೆ ಗ್ರಾಹಕರ ಜೇಬಿಂದ ಹೋಗಿದ್ದು ವರ್ಷಕ್ಕೆ 9 ಲಕ್ಷ ಡಾಲರ್.

ಎದುರಿನವರ ಕೈಯಲ್ಲಿ ಏನಿದೆ ಅಂತಾನೂ ನೋಡಿ. 2018ರಲ್ಲಿ ಚೀನಾ ಹತ್ರ ಇದ್ದಿದ್ದು ಮುಖ್ಯವಾಗಿ ಸೋಯಾಬೀನ್ ಅಸ್ತ್ರ, ಬ್ರೆಜಿಲ್‌ನಿಂದ ಕೊಂಡ್ರು, ಅಮೆರಿಕ ತನ್ನ ರೈತರಿಗೆ ಪರಿಹಾರ ಕೊಡ್ಬೇಕಾಯ್ತು. 2025ಕ್ಕೆ ಅಸ್ತ್ರ ಬದಲಾಗಿತ್ತು. ಏಪ್ರಿಲ್‌ನಲ್ಲಿ ಅಮೆರಿಕದ ಸುಂಕ 145 ಪರ್ಸೆಂಟ್‌ಗೆ, ಚೀನಾದ್ದು 125ಕ್ಕೆ ಏರಿತು, ಅದರ ಮಧ್ಯೆ ಏಪ್ರಿಲ್ 4ಕ್ಕೆ ಚೀನಾ ಏಳು ರೇರ್ ಅರ್ಥ್ ಧಾತುಗಳ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡ್ತು, ಕಾರು ಫ್ಯಾಕ್ಟರಿಗಳಿಗೆ ಮ್ಯಾಗ್ನೆಟ್ ಸಿಗದೆ ಒದ್ದಾಟ ಶುರುವಾಯ್ತು. ಮೇ ತಿಂಗಳಲ್ಲಿ ಜಿನೀವಾದಲ್ಲಿ ಕೂತು 30 ಮತ್ತೆ 10ಕ್ಕೆ ಇಳಿಸ್ಕೊಂಡ್ರು. 2014ರಲ್ಲಿ ಡಬ್ಲ್ಯುಟಿಒದಲ್ಲಿ ಸೋತಿದ್ದು ಇದೇ ಖನಿಜದ ವಿಷಯದಲ್ಲಿ, ನೆನಪಿರ್ಲಿ, ಹತ್ತು ವರ್ಷದಲ್ಲಿ ಕೋಟಾ ಹೋಗಿ ಲೈಸೆನ್ಸ್ ರೂಪದಲ್ಲಿ ವಾಪಸ್ ಬಂತು, ಈ ಸಲ ರಾಷ್ಟ್ರೀಯ ಭದ್ರತೆ ಅನ್ನೋ ಹೆಸರಲ್ಲಿ.

ಈಗ ಒಂದು ಡೀಲ್ ತಗೊಂಡು ಮಾಡಿ ನೋಡೋಣ

2025ರ ಅಕ್ಟೋಬರ್ 30, ದಕ್ಷಿಣ ಕೊರಿಯಾದ ಬುಸಾನ್, ಟ್ರಂಪ್ ಮತ್ತೆ ಷಿ ಜಿನ್‌ಪಿಂಗ್ ಭೇಟಿ. ಚೀನಾ ಕೊಟ್ಟಿದ್ದು ಏನು ಅಂತ ಅಮೆರಿಕ ಹೇಳ್ತು? ಆ ವರ್ಷ ಮುಗಿಯೋದ್ರೊಳಗೆ 1.2 ಕೋಟಿ ಟನ್ ಸೋಯಾಬೀನ್, ಆಮೇಲೆ 2028ರ ತನಕ ವರ್ಷಕ್ಕೆ 2.5 ಕೋಟಿ ಟನ್. ಖರೀದಿ, ಹೊಡೆದಾಕಿ. ಅಕ್ಟೋಬರ್ 9ಕ್ಕೆ ಹೊಸದಾಗಿ ಬಿಗಿ ಮಾಡಿದ್ದ ರೇರ್ ಅರ್ಥ್ ರೂಲ್ಸು ಒಂದು ವರ್ಷ ತಡೆಹಿಡಿಯೋದು. ಮೂರು ವಾರದ ಹಿಂದೆ ತಾವೇ ಹಾಕಿದ್ದನ್ನ ತಾವೇ ಪಕ್ಕಕ್ಕಿಟ್ರು, ಅದೂ ವಾಪಸ್ ಅಲ್ಲ, ತಡೆ, ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಅಂತಾರಲ್ಲ ಹಾಗೆ. ಅಮೆರಿಕ ಕೊಟ್ಟಿದ್ದು ಫೆಂಟನಿಲ್ ಅನ್ನೋ ಮಾದಕ ದ್ರವ್ಯದ ಹೆಸರಲ್ಲಿ ಹಾಕಿದ್ದ ಸುಂಕ 20ರಿಂದ 10ಕ್ಕೆ. ಸರ್ಕಾರಿ ಬ್ಯಾಂಕಿನ ಸಾಲ, ಪ್ರಾಂತ್ಯಗಳ ಸಬ್ಸಿಡಿ, ಸರ್ಕಾರಿ ಕಂಪನಿ ಬಗ್ಗೆ ಎಷ್ಟು ಸಾಲಿದೆ ಅಂತ ಹುಡುಕಿದೆ, ಸಿಗ್ಲಿಲ್ಲ.

ಆ ತಡೆ ಮುಗಿಯೋದು 2026ರ ನವೆಂಬರ್ 10ಕ್ಕೆ. ಫೋನಲ್ಲಿ ರಿಮೈಂಡರ್ ಇಟ್ಕೊಳ್ಳಿ, ಆ ವಾರದ ಹೆಡ್‌ಲೈನ್ ಓದೋಕೆ ಮುಂಚೆ ಏಪ್ರಿಲ್ 4ರ ಏಳು ಧಾತುಗಳ ಲೈಸೆನ್ಸ್ ರೂಲ್ ಇನ್ನೂ ಇದೆಯಾ ಅಂತ ಒಂದ್ಸಲ ನೋಡ್ಕೊಳ್ಳಿ.