ಕರೆಂಟಿಲ್ಲದ ಮೈದಾನದಲ್ಲಿ ಬೌಲಿಂಗ್ ಮಷಿನ್ ಓಡಿಸುವುದು ಹೇಗೆ?

ಶಾಲೆಯ ಮೈದಾನವಿರಲಿ, ಊರಾಚೆಯ ಬಯಲಿರಲಿ, ನೆಟ್ಸ್ ಕಟ್ಟಿದ ಕಡೆ ಪ್ಲಗ್ ಪಾಯಿಂಟ್ ಸಿಗುವುದು ಅಪರೂಪ. ಮನೆಯಲ್ಲಿ ಬಳಸುವಂಥ ಇನ್ವರ್ಟರ್, ಬ್ಯಾಟರಿ ಇದ್ದರೆ ಕ್ರಿಕೆಟ್ ಬೌಲಿಂಗ್ ಮಷಿನ್ ಅಲ್ಲೂ ಓಡುತ್ತದೆ. ಮೊದಲು ಮಷಿನ್ನಿನ ಮೇಲೆ ವೋಲ್ಟ್, ವ್ಯಾಟ್ ಬರೆದಿರುವ ಪ್ಲೇಟ್ ಓದಿ. 12 ವೋಲ್ಟ್ ಡಿಸಿ ಎಂದಿದ್ದರೆ ಇನ್ವರ್ಟರೇ ಬೇಡ, ಬ್ಯಾಟರಿ ಒಂದೇ ಸಾಕು. 230 ವೋಲ್ಟ್ ಇದ್ದರಷ್ಟೇ ಮುಂದಿನ ಕೆಲಸ.

ತಿರುಗುವ ಎರಡು ಚಕ್ರಗಳ ನಡುವಿನಿಂದ ಚೆಂಡು ಎಸೆಯುವ ಮಷಿನ್ 400 ವ್ಯಾಟಿನದು ಎಂದುಕೊಳ್ಳಿ. ಇನ್ವರ್ಟರಿನಲ್ಲೇ ಶೇ 15ರಷ್ಟು ನಷ್ಟವಾಗುವುದರಿಂದ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 40 ಆಂಪಿಯರ್ ಎಳೆಯುತ್ತದೆ. 150 ಎಎಚ್ (ಆಂಪಿಯರ್-ಅವರ್, ಅಂದರೆ ಆಂಪಿಯರನ್ನು ಗಂಟೆಯಿಂದ ಗುಣಿಸಿದ ಅಳತೆ) ಬ್ಯಾಟರಿಯನ್ನು 40ರಿಂದ ಭಾಗಿಸಿ ಮೂರೂಮುಕ್ಕಾಲು ಗಂಟೆ ಬರುತ್ತದೆ ಎಂದು ನಂಬಬೇಡಿ. ಆ 150 ಎಎಚ್, 7.5 ಆಂಪಿಯರಿನಂತೆ 20 ಗಂಟೆ ನಿಧಾನವಾಗಿ ಬಳಸಿದಾಗಿನ ಅಳತೆ. ಒಮ್ಮೆಲೇ ಹೆಚ್ಚು ಎಳೆದರೆ ಸೀಸದ ಬ್ಯಾಟರಿ ಅಷ್ಟು ಕೊಡುವುದಿಲ್ಲ. ಎರಡು ಗಂಟೆಯ ಅಭ್ಯಾಸಕ್ಕೆ ಸಿದ್ಧರಾಗಿ.

ಇನ್ವರ್ಟರಿನ ಸಾಮರ್ಥ್ಯ 900 ವಿಎ (ವೋಲ್ಟ್-ಆಂಪಿಯರ್) ಇರಲಿ, ಮನೆಯ ಕರೆಂಟಿನಂತೆ ನಯವಾದ ಅಲೆಯ ಕರೆಂಟ್ ಕೊಡುವ ಸೈನ್ ವೇವ್ ಮಾದರಿಯೇ ಇರಲಿ. ಮೋಟಾರು ಶುರುವಾಗುವಾಗ ಓಡುವಾಗಿನದಕ್ಕಿಂತ ಹೆಚ್ಚು ಕರೆಂಟ್ ಎಳೆಯುತ್ತದೆ. ಚೌಕಾಕಾರದ ಅಲೆಯ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಮೋಟಾರು ಗುಂಯ್‌ಗುಟ್ಟಿ ಬಿಸಿಯಾಗುತ್ತದೆ, ಸ್ಪೀಡ್ ಕಂಟ್ರೋಲರ್ ಹಾಳಾಗಲೂಬಹುದು.

ಹೆಚ್ಚಿನವರು ಎಡವುವುದು ವೈರಿನಲ್ಲಿ. ಬ್ಯಾಟರಿಯನ್ನು ನೆರಳಲ್ಲಿಟ್ಟು ಅಲ್ಲಿಂದ ಪಿಚ್‌ವರೆಗೆ 12 ವೋಲ್ಟ್ ವೈರ್ ಎಳೆಯುತ್ತಾರೆ. 4 ಚದರ ಮಿಮೀ ತಾಮ್ರದ ವೈರನ್ನು ಐದೇ ಮೀಟರ್ ಎಳೆದರೂ 40 ಆಂಪಿಯರಿಗೆ ಸುಮಾರು 1.8 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಬ್ಯಾಟರಿ ತುಂಬಿದ್ದರೂ ಇನ್ವರ್ಟರ್ ‘ಲೋ ಬ್ಯಾಟರಿ’ ಎಂದು ಕೂಗಿ ಆಫ್ ಆಗುತ್ತದೆ. ಆದ್ದರಿಂದ ಇನ್ವರ್ಟರ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು; ನಡುವೆ 16 ಚದರ ಮಿಮೀ ತಾಮ್ರದ ವೈರ್, ಒಂದು ಮೀಟರಿನೊಳಗೆ. ಪಾಸಿಟಿವ್ ಟರ್ಮಿನಲ್ ಹತ್ತಿರವೇ 80 ಆಂಪಿಯರ್ ಫ್ಯೂಸ್. ದೂರ ಹೋಗಬೇಕಾದದ್ದು 230 ವೋಲ್ಟಿನ ವೈರ್: 1.5 ಚದರ ಮಿಮೀ, ಮೂರು ಕೋರಿನದು, 30 ಮೀಟರ್ ಎಳೆದರೂ ತೊಂದರೆಯಿಲ್ಲ.

ಜೋಡಿಸುವಾಗ ಎಲ್ಲ ಸ್ವಿಚ್ ಆಫ್ ಇರಲಿ. ಮೊದಲು ಕೆಂಪು, ಆಮೇಲೆ ಕಪ್ಪು. ಬಿಚ್ಚುವಾಗ ಕಪ್ಪು ಮೊದಲು. ಕೊನೆಯ ವೈರ್ ತಾಗಿಸುವಾಗ ಚಿಕ್ಕ ಕಿಡಿ ಹಾರುವುದು ಸಹಜ, ಇನ್ವರ್ಟರಿನ ಕೆಪಾಸಿಟರ್ ತುಂಬಿಕೊಳ್ಳುವಾಗ ಹಾಗಾಗುತ್ತದೆ. ಆದರೆ ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ, ಕಿಡಿ ತಾಗಿದರೆ ಅದು ಸಿಡಿಯಬಹುದು. ಚಾರ್ಜರ್ ತೆಗೆದ ಕೂಡಲೇ ಜೋಡಿಸಬೇಡಿ, ಕಾರಿನ ಡಿಕ್ಕಿಯೊಳಗಂತೂ ಜೋಡಿಸಲೇಬೇಡಿ.

ಸ್ಪೀಡ್ ನಾಬ್ ಸೊನ್ನೆಯಲ್ಲಿಟ್ಟು ಆನ್ ಮಾಡಿ, ಒಂದು ಚಕ್ರ ವೇಗ ಹಿಡಿದ ಮೇಲೆ ಇನ್ನೊಂದನ್ನು ತಿರುಗಿಸಿ. ಆಟದ ನಡುವೆ ಇನ್ವರ್ಟರ್ ಟ್ರಿಪ್ ಆದರೆ ಎರಡೂ ಚಕ್ರ ಒಂದೇ ಸಮನೆ ನಿಲ್ಲುವುದಿಲ್ಲ, ಆಗ ಹಾಕಿದ ಚೆಂಡು ಎತ್ತಲಾದರೂ ಚಿಮ್ಮಬಹುದು. ಕೂಡಲೇ ಬ್ಯಾಟ್ಸ್‌ಮನ್‌ನನ್ನು ಪಕ್ಕಕ್ಕೆ ಕಳಿಸಿ, ನಾಬ್ ಸೊನ್ನೆಗೆ ತಂದೇ ಮತ್ತೆ ಆನ್ ಮಾಡಿ.

ಮುಂಜಾನೆಯ ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಎಕ್ಸ್‌ಟೆನ್ಷನ್ ಬೋರ್ಡ್ ಇಡಬಾರದು, ಸ್ಟೂಲಿನ ಮೇಲಿರಲಿ. ಬೋರ್ಡಿಗೆ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿದ್ದೇವೆಂಬ ಧೈರ್ಯವೂ ಸಾಲದು: ಇನ್ವರ್ಟರಿಗೆ ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಅದು ಟ್ರಿಪ್ ಆಗದೆಯೇ ಇರಬಹುದು. ಮಳೆ ಹನಿದರೆ ಆಟ ನಿಲ್ಲಿಸಿ.

ಆಟ ಮುಗಿಸಿ ಬ್ಯಾಟರಿಯನ್ನು ಮನೆಗೆ ತಂದ ದಿನವೇ 15 ಆಂಪಿಯರಿನಲ್ಲಿ ಚಾರ್ಜಿಗೆ ಹಾಕಿ. ಖಾಲಿ ಬಿಟ್ಟರೆ ಒಳಗಿನ ಸೀಸದ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಬ್ಯಾಟರಿಯ ಶಕ್ತಿ ಕುಗ್ಗುತ್ತದೆ. ಡಿಸ್ಟಿಲ್ಡ್ ವಾಟರನ್ನು ಗುರುತಿನವರೆಗೆ ತುಂಬಿಸುವುದು ಚಾರ್ಜ್ ಮುಗಿದ ಮೇಲೆ. ಮೊದಲೇ ತುಂಬಿಸಿದರೆ ಆಸಿಡ್ ಉಕ್ಕಿ ಹೊರಚೆಲ್ಲುತ್ತದೆ.